ಮೇಲ್ ವಿಳಾಸ ಯಾರದು, ಬೀಗದ ಕೈ ಯಾರ ಬಳಿ?

ಮಾನ್ಯ ಸಂಪಾದಕರೇ,

ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ವ್ಯವಸ್ಥೆ ಭಾರತದ್ದೇ ಆದ ಜೋಹೊ ಸಂಸ್ಥೆಯ ವೇದಿಕೆಗೆ ವರ್ಗವಾಗಿದೆ ಎಂಬ ಸುದ್ದಿ 2025ರ ಅಕ್ಟೋಬರ್‌ನಲ್ಲಿ ಪ್ರಕಟವಾದಾಗಿನಿಂದ ನಮ್ಮ ಊರಿನಲ್ಲೂ ಮೇಲ್ ಬಗ್ಗೆ ಮಾತು ಹೆಚ್ಚಾಗಿದೆ. ಯಾವ ಸೇವೆ ನಮ್ಮ ಖಾಸಗಿತನವನ್ನು ಕಾಪಾಡುತ್ತದೆ, ಸ್ವದೇಶಿ ಸೇವೆಗೆ ಹೋದರೆ ಸಾಕೇ, ಮೇಲ್ ಸಾಗಿಸಿ ಜೋಪಾನವಾಗಿಡುವ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ಸ್ವಂತಕ್ಕೇ ಇಟ್ಟುಕೊಳ್ಳಲು ಆಗುತ್ತದೆಯೇ ಎಂದು ಕೇಳುವವರು ನನ್ನ ಕಚೇರಿಗೆ ವಾರಕ್ಕೊಬ್ಬರಾದರೂ ಬರುತ್ತಾರೆ. ತಿಪಟೂರಿನಲ್ಲಿ ಇಪ್ಪತ್ತು ವರ್ಷಗಳಿಂದ ತೆರಿಗೆ ಸಲಹೆಗಾರನಾಗಿರುವ ನಾನು ಉಚಿತ ಮೇಲ್, ಸ್ವಂತ ಸರ್ವರ್, ಹಣ ಕೊಟ್ಟು ಪಡೆಯುವ ಸೇವೆ ಈ ಮೂರನ್ನೂ ಬಳಸಿದ್ದೇನೆ. ಸೇವೆ ಯಾವುದು ಎಂದು ಕೇಳುವುದಕ್ಕೂ ಮೊದಲು ವಿಳಾಸ ಯಾರದು ಎಂದು ಕೇಳಿಕೊಳ್ಳಬೇಕು ಎಂಬುದು ಈ ಅನುಭವದಿಂದ ನಾನು ಕಂಡುಕೊಂಡ ಮಾತು. ಅದನ್ನು ತಮ್ಮ ಓದುಗರ ಮುಂದಿಡಲು ಅನುಮತಿ ಕೋರುತ್ತೇನೆ.

ನನ್ನಂಥವರ ಮೇಲ್‌ಬಾಕ್ಸಿನಲ್ಲಿ ಏನಿರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಕೊಬ್ಬರಿ ಮಂಡಿಯವರ ಬ್ಯಾಂಕ್ ಸ್ಟೇಟ್‌ಮೆಂಟು, ಮೇಷ್ಟರುಗಳ ಫಾರಂ 16, ಜಮೀನು ಮಾರಿದವರ ಕ್ರಯಪತ್ರ, ಕಾಯಿಲೆ ಬಿದ್ದವರ ಆಸ್ಪತ್ರೆ ಬಿಲ್ಲು, ಬೇರೆಯಾದ ದಂಪತಿಯ ಜೀವನಾಂಶದ ಆದೇಶ, ಇವೆಲ್ಲ ಒಂದೇ ಕಡೆ ರಾಶಿ ಬಿದ್ದಿರುತ್ತವೆ. ಆದಾಯ ತೆರಿಗೆ ಇಲಾಖೆ ಕೊಡುವ ವಾರ್ಷಿಕ ಮಾಹಿತಿ ಪಟ್ಟಿಯ ಪಿಡಿಎಫ್ ಕಡತಕ್ಕೆ ಪಾಸ್‌ವರ್ಡ್ ಇರುವುದು ನಿಜ. ಆದರೆ ಆ ಪಾಸ್‌ವರ್ಡ್ ಎಂದರೆ ಸಣ್ಣಕ್ಷರಗಳಲ್ಲಿ ಬರೆದ ಪ್ಯಾನ್ ಸಂಖ್ಯೆ ಮತ್ತು ಅದರ ಹಿಂದೆ ಹುಟ್ಟಿದ ದಿನಾಂಕ. ಇ-ಆಧಾರ್ ಕಡತದ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ. ನಮ್ಮ ಜನ ಈ ಎರಡು ಕಡತಗಳ ಜೊತೆಗೆ ಪ್ಯಾನ್ ಕಾರ್ಡಿನ ಫೋಟೊವನ್ನೂ ಅದೇ ಮೇಲಿಗೆ ಲಗತ್ತಿಸುತ್ತಾರೆ. ಅದರಲ್ಲಿ ಹೆಸರು, ಪ್ಯಾನ್ ಸಂಖ್ಯೆ, ಹುಟ್ಟಿದ ದಿನಾಂಕ ಮೂರೂ ಇವೆ. ಬೀಗವನ್ನೂ ಬೀಗದ ಕೈಯನ್ನೂ ಒಂದೇ ಮೊಳೆಗೆ ತೂಗುಹಾಕಿದಂತಾಯಿತು. ಒಬ್ಬನ ಮೇಲ್‌ಬಾಕ್ಸ್ ಬೇರೆಯವರ ಕೈಗೆ ಸಿಕ್ಕರೆ ಆ ಒಬ್ಬನ ಗುಟ್ಟಷ್ಟೇ ಹೊರಬೀಳುವುದಿಲ್ಲ, ಅವನನ್ನು ನಂಬಿ ಕಾಗದ ಕೊಟ್ಟ ನಾನ್ನೂರು ಮನೆಗಳ ಗುಟ್ಟು ಹೊರಬೀಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಬೇರೆಯವರ ಮಾಹಿತಿ ಇಟ್ಟುಕೊಂಡವರು ಅದರ ರಕ್ಷಣೆಗೆ ತಕ್ಕ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಯವರೆಗೂ ದಂಡ ವಿಧಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ದಂಡದ ಭಯಕ್ಕಿಂತ, ನಂಬಿದವರ ಮುಖ ನೋಡಬೇಕಾದ ಸಂದರ್ಭ ಬಂದೀತಲ್ಲ ಎಂಬ ಅಳುಕೇ ನನಗೆ ದೊಡ್ಡದು.

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಮೂರನೆಯ ವಾರದಲ್ಲಿ, ರಿಟರ್ನ್ ಸಲ್ಲಿಸುವ ಗಡುವು ಹತ್ತಿರವಿದ್ದಾಗ, ನನ್ನ ಉಚಿತ ಮೇಲ್ ಖಾತೆ ಇದ್ದಕ್ಕಿದ್ದಂತೆ ತೆರೆಯಲಿಲ್ಲ. ಹೊಸ ಕಂಪ್ಯೂಟರಿನಿಂದ ಲಾಗಿನ್ ಆಗಲು ನೋಡಿದ್ದೆ. ಇದು ನೀವೇ ಎಂದು ಖಚಿತವಾಗಬೇಕು ಎಂದು ಕೇಳಿ, ಹಳೆಯ ಮೊಬೈಲ್ ಸಂಖ್ಯೆಗೆ ಒಟಿಪಿ ಕಳಿಸಿದರು. ಆ ಸಿಮ್ ಬಳಕೆಯಿಲ್ಲದೆ ಎಂದೋ ನಿಷ್ಕ್ರಿಯವಾಗಿತ್ತು. ಪಾಸ್‌ವರ್ಡ್ ಸರಿಯಿತ್ತು, ಖಾತೆ ತೆರೆದ ವರ್ಷ ನೆನಪಿತ್ತು, ಆದರೂ ಪರದೆಯ ಮೇಲೆ ಬರುತ್ತಿದ್ದುದು ಒಂದೇ ವಾಕ್ಯ. ಫೋನ್ ಮಾಡಿ ಮಾತಾಡೋಣವೆಂದರೆ ಆ ಕಡೆ ಮನುಷ್ಯರೇ ಇಲ್ಲ; ಅರ್ಜಿ ತುಂಬಿದರೆ ಉತ್ತರ ಕೊಡುವುದೂ ಯಂತ್ರವೇ. ಎಷ್ಟೋ ಗ್ರಾಹಕರು ತಮಗೆ ಮೇಲ್ ಇಲ್ಲವೆಂದು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನನ್ನ ವಿಳಾಸವನ್ನೇ ಕೊಟ್ಟಿದ್ದರು. ಅವರ ಪಾಲಿನ ನೋಟಿಸುಗಳೂ ಒಟಿಪಿಗಳೂ ಆ ಮುಚ್ಚಿದ ಬಾಗಿಲಿನ ಹಿಂದೆ ಬಂದು ಬೀಳುತ್ತಿದ್ದವು. ಒಂಬತ್ತು ದಿನ ಹೀಗೆ ಕಳೆದು, ಹಳೆಯ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟವರಿಂದ ವಾಪಸು ತಂದು, ಅದರಲ್ಲೇ ಮತ್ತೆ ಪ್ರಯತ್ನಿಸಿದಾಗ ಖಾತೆ ತೆರೆಯಿತು. ಏಕೆ ಮುಚ್ಚಿತು, ಏಕೆ ತೆರೆಯಿತು ಎಂದು ಇವತ್ತಿಗೂ ಯಾರೂ ನನಗೆ ಹೇಳಿಲ್ಲ.

ಎಷ್ಟೋ ವರ್ಷ ವಿಸಿಟಿಂಗ್ ಕಾರ್ಡಿನಲ್ಲಿ, ಲೆಟರ್‌ಹೆಡ್ಡಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ಬರೆಸಿದ ಆ ವಿಳಾಸ ನನ್ನದಲ್ಲ ಎಂಬುದು ಆ ಒಂಬತ್ತು ದಿನಗಳಲ್ಲಿ ನನಗೆ ತಿಳಿಯಿತು. ‘ಅಟ್’ ಚಿಹ್ನೆಯ ಎಡಗಡೆಯಿರುವ ಹೆಸರಷ್ಟೇ ನನ್ನದು, ಬಲಗಡೆಯದು ಕಂಪನಿಯದು. ಇಡೀ ವಿಳಾಸ ಬಾಡಿಗೆಯದು, ಅದೂ ಕರಾರುಪತ್ರವಿಲ್ಲದ ಬಾಡಿಗೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ್ದ ಸಬೀರ್ ಭಾಟಿಯಾ ಅವರು ತಮ್ಮ ಜೊತೆಗಾರನೊಂದಿಗೆ 1996ರಲ್ಲಿ ಹಾಟ್‌ಮೇಲ್ ಆರಂಭಿಸಿದಾಗ, ಯಾವ ಊರಿನಲ್ಲಿದ್ದರೂ ಯಾವ ಕಂಪ್ಯೂಟರಿನಿಂದಲಾದರೂ ಮೇಲ್ ನೋಡಬಹುದು ಎಂಬುದೇ ನಮಗೆಲ್ಲ ದೊಡ್ಡ ಸಂಗತಿಯಾಗಿತ್ತು. 2004ರ ಏಪ್ರಿಲ್‌ನಲ್ಲಿ ಜಿಮೇಲ್ ಬಂದು ಒಂದು ಜಿಬಿ ಜಾಗವನ್ನು ಉಚಿತವಾಗಿ ಕೊಟ್ಟಾಗ ಇನ್ನೇನು ಬೇಕು ಎನಿಸಿತು. ಜಾಹೀರಾತು ಹೊಂದಿಸಲು ಪತ್ರಗಳ ಒಳಗಿನ ಮಾತುಗಳನ್ನು ಯಂತ್ರದಿಂದ ಓದಿಸುವ ಪದ್ಧತಿಯನ್ನು ನಿಲ್ಲಿಸುವುದಾಗಿ ಆ ಕಂಪನಿ ಪ್ರಕಟಿಸಿದ್ದು 2017ರಲ್ಲಿ. ಅಲ್ಲಿಯವರೆಗಿನ ಹದಿಮೂರು ವರ್ಷ ನಾವು ಅದಕ್ಕೆ ಒಪ್ಪಿಯೇ ಬಳಸಿದ್ದೆವು. ಜಾಹೀರಾತಿನ ಉದ್ದೇಶ ಬಿಟ್ಟರೂ, ಪತ್ರಗಳನ್ನು ತೆರೆಯಬಲ್ಲ ಕೀಲಿ ಇಂದಿಗೂ ಕಂಪನಿಯ ಬಳಿಯೇ ಇದೆ.

ಖಾಸಗಿತನದ ಚರ್ಚೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡು ಗೊಂದಲವಾಗುವುದನ್ನು ನಾನು ನೋಡಿದ್ದೇನೆ. ನನ್ನ ಪತ್ರವನ್ನು ಯಾರು ಓದಬಲ್ಲರು ಎಂಬುದು ಒಂದು. ನನ್ನ ವಿಳಾಸವನ್ನು ಯಾರು ಕಿತ್ತುಕೊಳ್ಳಬಲ್ಲರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವೆಂದು ಹೆಚ್ಚಾಗಿ ಕೇಳಿಬರುವ ಹೆಸರುಗಳು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಮತ್ತು ಜರ್ಮನಿಯ ಹ್ಯಾನೋವರ್ ನಗರದ ಟ್ಯೂಟಾ. ಪ್ರೋಟಾನ್ 2014ರಲ್ಲಿ, ಜಿನೀವಾ ಬಳಿಯ ಸೆರ್ನ್ ಸಂಶೋಧನಾ ಕೇಂದ್ರದಲ್ಲಿ ಪರಿಚಯವಾದ ವಿಜ್ಞಾನಿಗಳಿಂದ ಆರಂಭವಾಯಿತು; ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗೂಢಚರ್ಯೆಯ ವಿವರಗಳನ್ನು ಹೊರಗೆಡವಿದ್ದು ಅದಕ್ಕೂ ಹಿಂದಿನ ವರ್ಷ. ಇಂಥ ಸೇವೆಗಳಲ್ಲಿ ಪತ್ರವನ್ನು ಬಳಕೆದಾರನ ಕೀಲಿಯಿಂದ ಗೂಢಲಿಪಿಗೆ ತಿರುಗಿಸಿ ಇಡುತ್ತಾರೆ, ಆ ಕೀಲಿ ತೆರೆಯುವುದು ಬಳಕೆದಾರನ ಪಾಸ್‌ವರ್ಡಿನಿಂದ ಮಾತ್ರ. ಆದ್ದರಿಂದ ಸರ್ವರಿನಲ್ಲಿರುವುದನ್ನು ಕಂಪನಿಯವರೇ ಓದಲಾರರು. ಪಾಸ್‌ವರ್ಡನ್ನೂ ಅದನ್ನು ಮರಳಿ ಪಡೆಯಲು ಕೊಟ್ಟ ಪದಗುಚ್ಛವನ್ನೂ ಕಳೆದುಕೊಂಡರೆ ಹಳೆಯ ಪತ್ರಗಳು ನಮಗೂ ಇಲ್ಲ ಎಂಬುದು ಅದರದೇ ಇನ್ನೊಂದು ಮುಖ.

ಆದರೆ ಈ ಗೂಢಲಿಪಿಗೂ ಮಿತಿಯಿದೆ. ಎರಡೂ ಕಡೆಯವರು ಅದೇ ಸೇವೆಯಲ್ಲಿದ್ದರೆ ಪತ್ರ ಆರಂಭದಿಂದ ಕೊನೆಯವರೆಗೂ ಮುಚ್ಚಿಯೇ ಇರುತ್ತದೆ. ನನ್ನ ಗ್ರಾಹಕರು ಸಾಮಾನ್ಯ ಉಚಿತ ಮೇಲ್‌ನಿಂದ ಬರೆದರೆ ಅದರ ಒಂದು ಪ್ರತಿ ಅವರ ಕಡೆಯ ಕಂಪನಿಯಲ್ಲಿ ತೆರೆದೇ ಉಳಿಯುತ್ತದೆ. ಯಾರಿಂದ ಯಾರಿಗೆ, ಯಾವಾಗ ಹೋಯಿತು ಎಂಬ ಲಕೋಟೆಯ ಮೇಲಿನ ಬರಹವನ್ನು ಮುಚ್ಚಿಡಲು ಇಮೇಲ್‌ನ ಮೂಲ ನಿಯಮಗಳೇ ಬಿಡುವುದಿಲ್ಲ. ಜೊತೆಗೆ, ಕಂಪನಿ ಎಲ್ಲಿದೆಯೋ ಅಲ್ಲಿನ ಕಾನೂನಿಗೆ ಅದು ತಲೆಬಾಗಲೇಬೇಕು. 2021ರಲ್ಲಿ ಫ್ರಾನ್ಸಿನ ಹವಾಮಾನ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು (ಇಂಟರ್‌ನೆಟ್‌ನಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು) ಸ್ವಿಸ್ ಅಧಿಕಾರಿಗಳ ಆದೇಶದ ಮೇರೆಗೆ ಪ್ರೋಟಾನ್ ದಾಖಲಿಸಿ ಕೊಟ್ಟಿತು. ಪತ್ರಗಳ ಒಳವಿಷಯ ಅದರ ಕೈಯಲ್ಲೂ ಇರಲಿಲ್ಲ, ಕೊಡಲೂ ಇಲ್ಲ. ಆದರೆ ಅನಾಮಧೇಯತೆಯೂ ಖಾಸಗಿತನವೂ ಒಂದೇ ಎಂದುಕೊಂಡಿದ್ದವರಿಗೆ ಅದು ಎಚ್ಚರಿಕೆಯಾಯಿತು. ಅಮೆರಿಕದ ಲಾವಾಬಿಟ್ ಎಂಬ ಸಣ್ಣ ಸೇವೆಯ ಮಾಲೀಕರು ಗ್ರಾಹಕರ ಪತ್ರಗಳಿಗೆ ದಾರಿ ಮಾಡಿಕೊಡುವ ಬದಲು 2013ರ ಆಗಸ್ಟ್‌ನಲ್ಲಿ ಅಂಗಡಿಯನ್ನೇ ಮುಚ್ಚಿದರು. ಅವರ ನೈತಿಕ ಸ್ಥೈರ್ಯಕ್ಕೆ ನನ್ನ ನಮಸ್ಕಾರವಿದೆ. ಆದರೆ ಆ ದಿನ ಅವರ ಗ್ರಾಹಕರಿಗೆಲ್ಲ ವಿಳಾಸವೇ ಇಲ್ಲದಂತಾಯಿತು ಎಂಬುದೂ ಅಷ್ಟೇ ನಿಜ. ಸ್ಕಿಫ್ ಎಂಬ ಇನ್ನೊಂದು ಗೂಢಲಿಪಿ ಮೇಲ್ ಸೇವೆಯನ್ನು 2024ರ ಫೆಬ್ರುವರಿಯಲ್ಲಿ ಬೇರೊಂದು ಕಂಪನಿ ಕೊಂಡುಕೊಂಡು, ಅದೇ ವರ್ಷದೊಳಗೆ ನಿಲ್ಲಿಸಿತು. ಒಳ್ಳೆಯ ಉದ್ದೇಶದ ಸೇವೆಯೂ ನಾಳೆ ಇಲ್ಲದಾಗಬಹುದು.

ಎರಡು ಪ್ರಶ್ನೆಗಳಿಗೂ ಒಂದೇ ಉತ್ತರವಾಗಬಹುದೆಂಬ ಆಸೆಯಿಂದ ನಾನು ಸ್ವಂತ ಸರ್ವರಿಗೆ ಕೈಹಾಕಿದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗ ನೆರವಿಗೆ ಬಂದ. ಮನೆಯ ಹಳೆಯ ಕಂಪ್ಯೂಟರಿನಲ್ಲೇ ಇಡೋಣ ಎಂದು ನಾನು ಹೇಳಿದರೆ, “ಆಗಲ್ಲ ಮಾವ, ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ಇಪ್ಪತ್ತೈದನೇ ಪೋರ್ಟ್ ಮುಚ್ಚಿರ್ತಾರೆ, ಐಪಿ ದಿನಕ್ಕೊಂದಾಗುತ್ತೆ, ಅಲ್ಲಿಂದ ಕಳಿಸಿದ ಮೇಲನ್ನ ಯಾರೂ ತಗೊಳ್ಳಲ್ಲ,” ಎಂದ. ಸರ್ವರಿನಿಂದ ಸರ್ವರಿಗೆ ಮೇಲ್ ಹೋಗುವುದು ಆ ಇಪ್ಪತ್ತೈದನೆಯ ಬಾಗಿಲಿನಿಂದಲೇ. ವೈರಸ್ ಹಿಡಿದ ಮನೆಯ ಕಂಪ್ಯೂಟರುಗಳು ರಾಶಿರಾಶಿ ಸ್ಪ್ಯಾಮ್ ಕಳಿಸದಿರಲಿ ಎಂದು ಇಂಟರ್‌ನೆಟ್ ಕಂಪನಿಗಳು ಅದನ್ನು ಮುಚ್ಚುತ್ತವೆ, ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಮನೆಬಳಕೆಯ ಐಪಿಗಳನ್ನು ಪಟ್ಟಿಮಾಡಿ ಇಡುತ್ತವೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಕಡೆಗೆ ಡೇಟಾ ಸೆಂಟರಿನಲ್ಲಿ ಒಂದು ಸಣ್ಣ ಸರ್ವರನ್ನು ತಿಂಗಳ ಬಾಡಿಗೆಗೆ ಹಿಡಿದು, ಡೊಮೈನ್ (‘ಅಟ್’ ಚಿಹ್ನೆಯ ಬಲಗಡೆ ಬರುವ ಹೆಸರು) ಕೊಂಡು, ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಎಂಬ ಎರಡು ಮುಕ್ತ ತಂತ್ರಾಂಶಗಳನ್ನು ಅದರಲ್ಲಿ ಕೂರಿಸಿದೆವು. ಮೊದಲನೆಯದು ಅಂಚೆಯವನಂತೆ ಪತ್ರ ತರುವುದು, ಒಯ್ಯುವುದು ಮಾಡಿದರೆ ಎರಡನೆಯದು ಪೆಟ್ಟಿಗೆಯಲ್ಲಿಟ್ಟು ಕೇಳಿದಾಗ ತೋರಿಸುತ್ತದೆ.

ಆಮೇಲೆ ಶುರುವಾದದ್ದು ನಾವು ಸಭ್ಯರು ಎಂದು ಲೋಕಕ್ಕೆ ರುಜುವಾತು ಮಾಡುವ ಕೆಲಸ. ಈ ಡೊಮೈನಿನ ಹೆಸರಿನಲ್ಲಿ ಯಾವ ಯಂತ್ರ ಮೇಲ್ ಕಳಿಸಬಹುದು ಎಂದು ಸಾರುವ ಎಸ್‌ಪಿಎಫ್, ಪ್ರತಿ ಪತ್ರದ ಮೇಲೂ ಒತ್ತುವ ಮೊಹರಿನಂಥ ಡಿಕಿಮ್ ಸಹಿ, ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್, ಇವನ್ನೆಲ್ಲ ಡೊಮೈನಿನ ದಾಖಲೆಗಳಲ್ಲಿ ಒಂದು ಚುಕ್ಕೆಯೂ ತಪ್ಪದಂತೆ ಬರೆಯಬೇಕು. ಐಪಿ ಸಂಖ್ಯೆಯಿಂದ ಹುಡುಕಿದರೂ ನಮ್ಮದೇ ಹೆಸರು ಸಿಗುವಂತೆ ಸರ್ವರ್ ಬಾಡಿಗೆಗೆ ಕೊಟ್ಟವರನ್ನು ಕೇಳಿ ಬರೆಸಬೇಕು. ಇಷ್ಟೆಲ್ಲ ಮಾಡಿದ ಮೇಲೂ, ನಮಗೆ ಸಿಕ್ಕ ಐಪಿ ಸಂಖ್ಯೆಯನ್ನು ಹಿಂದೆ ಬಳಸಿದವನು ಸ್ಪ್ಯಾಮ್ ಕಳಿಸಿದ್ದರೆ ಆ ಕೆಟ್ಟ ಹೆಸರು ನಮಗೆ ಅಂಟಿಕೊಳ್ಳುತ್ತದೆ. ಒಬ್ಬ ಮಂಡಿ ಮಾಲೀಕರಿಗೆ ಮುಂಗಡ ತೆರಿಗೆಯ ಲೆಕ್ಕ ಕಳಿಸಿ ನಾಲ್ಕು ದಿನವಾದರೂ ಉತ್ತರವಿಲ್ಲದೆ ಫೋನ್ ಮಾಡಿದೆ. “ನೀವು ಕಳಿಸಿದ್ದು ಬಂದೇ ಇಲ್ವಲ್ಲ ಸಾರ್,” ಎಂದರು. “ಯಜಮಾನರೇ, ಸ್ಪ್ಯಾಮ್ ಅಂತ ಒಂದು ಕಡೆ ಇರುತ್ತೆ, ಅದರೊಳಗೆ ನೋಡಿ,” ಎಂದೆ. ಲಾಟರಿ ಗೆದ್ದಿದ್ದೀರಿ ಎನ್ನುವ ಮೇಲುಗಳ ನಡುವೆ ನನ್ನ ಪತ್ರ ಸಿಕ್ಕಿತು. ಅದು ಮಾರ್ಚ್ 13ನೆಯ ತಾರೀಖು. ಕೊನೆಯ ಕಂತು ಕಟ್ಟಲು ಇದ್ದದ್ದು ಇನ್ನೆರಡೇ ದಿನ.

ಎಂಟು ತಿಂಗಳು ಆ ಸರ್ವರನ್ನು ನಡೆಸಿದೆ. ಮೇಲ್ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಲಿತೆ. ಆ ಕಲಿಕೆಯ ಬಗ್ಗೆ ನನಗೆ ಗೌರವವಿದೆ. 1982ರಲ್ಲಿ ರೂಪುಗೊಂಡ ನಿಯಮಗಳ ಮೇಲೆಯೇ ಇಂದಿಗೂ ಇದೆಲ್ಲ ನಿಂತಿದೆ, ಜಗತ್ತಿನ ಅತಿದೊಡ್ಡ ಕಂಪನಿಯ ಸರ್ವರ್ ಮತ್ತು ತಿಪಟೂರಿನವನಾದ ನನ್ನ ಸಣ್ಣ ಸರ್ವರ್ ಎರಡೂ ಒಂದೇ ಭಾಷೆಯಲ್ಲಿ ಸಮಾನವಾಗಿ ಮಾತಾಡುತ್ತವೆ ಎಂಬುದನ್ನು ಕಣ್ಣಾರೆ ಕಂಡಾಗ ಆದ ಸಂತೋಷ ದೊಡ್ಡದು. ನಮ್ಮ ಸರ್ವರ್ ಒಂದು ರಾತ್ರಿಯಿಡೀ ಕೆಟ್ಟು ಕುಳಿತರೂ ಪತ್ರಗಳು ಕಳೆಯುವುದಿಲ್ಲ. ಕಳಿಸುವವರ ಸರ್ವರುಗಳು ನಾಲ್ಕೈದು ದಿನ ಮತ್ತೆ ಮತ್ತೆ ಬಾಗಿಲು ತಟ್ಟುತ್ತವೆ. ಕನ್ನಡ ಲಿಪಿಯಲ್ಲೇ ಮೇಲ್ ವಿಳಾಸ ಇಟ್ಟುಕೊಳ್ಳಲು ಬೇಕಾದ ನಿಯಮ 2012ರಿಂದಲೂ ಇದೆ, ಕನ್ನಡದಲ್ಲಿ ‘.ಭಾರತ’ ಡೊಮೈನೂ ಇದೆ, ನಾನು ಬಳಸಿದ ಪೋಸ್ಟ್‌ಫಿಕ್ಸ್ 2015ರಿಂದ ಅದನ್ನು ಒಪ್ಪುತ್ತದೆ ಎಂಬುದು ನನಗೆ ತಿಳಿದದ್ದೂ ಆಗಲೇ. ಕನ್ನಡದ ಸಂಘಸಂಸ್ಥೆಗಳು ಇದರತ್ತ ಗಮನ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.

ಆದರೆ ನಾನು ಅದನ್ನು ನಿಲ್ಲಿಸಬೇಕಾಯಿತು. ನಮ್ಮ ಸರ್ವರ್ ಅಸಲಿಯೆಂದು ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೆ ಇದ್ದದ್ದು ತೊಂಬತ್ತು ದಿನಗಳ ಆಯಸ್ಸು. ಅದು ತಾನಾಗಿಯೇ ನವೀಕರಣವಾಗುವಂತೆ ಮಾಡಿದ್ದೆವು. ಒಂದು ದಿನ ಹೊಸ ಪ್ರಮಾಣಪತ್ರ ಬಂದು ಡಿಸ್ಕಿನಲ್ಲಿ ಕುಳಿತಿತು, ಆದರೆ ಡವ್‌ಕಾಟ್ ಅದನ್ನು ಓದಿಕೊಳ್ಳದೆ ಅವಧಿ ಮುಗಿದ ಹಳೆಯದನ್ನೇ ತೋರಿಸುತ್ತಿತ್ತು. ನಾನು ಆ ಹೊತ್ತಿಗೆ ಅರಸೀಕೆರೆಯಲ್ಲಿ ನೆಂಟರ ಮದುವೆಯಲ್ಲಿದ್ದೆ. ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿ ಫೋನ್ ಮಾಡಿ, “ಸಾರ್, ಮೇಲ್ ತೆಗೆದರೆ ಏನೋ ಕೆಂಪಗೆ ಬರ್ತಿತ್ತು, ಪರವಾಗಿಲ್ಲ ಅಂತ ಒತ್ತಿದೆ, ಈಗ ಸರಿಯಾಗಿದೆ,” ಎಂದಳು. ಊಟದ ಪಂಕ್ತಿಯಿಂದ ಎದ್ದುಹೋಗಿ, ಛತ್ರದ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಡವ್‌ಕಾಟನ್ನು ಮರುಚಾಲನೆ ಮಾಡಿದೆ. ಎರಡು ನಿಮಿಷದ ಕೆಲಸ. ಹುಡುಗಿಯದು ತಪ್ಪಿಲ್ಲ, ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ. ಆದರೆ ಆ ಕೆಂಪು ಎಚ್ಚರಿಕೆ ನಿಜವಾದ ಕಳ್ಳನದೇ ಆಗಿದ್ದರೂ ಅವಳು ಹಾಗೆಯೇ ಒತ್ತಿರುತ್ತಿದ್ದಳು. ನಾನ್ನೂರು ಮನೆಗಳ ಕಾಗದಗಳನ್ನು ಒಬ್ಬನ ಬಿಡುವಿನ ಮೇಲೆ, ಒಬ್ಬನ ಆರೋಗ್ಯದ ಮೇಲೆ ನಿಲ್ಲಿಸಿದ್ದೇನೆ ಎಂಬುದು ಆ ಮೆಟ್ಟಿಲ ಮೇಲೆ ನನಗೆ ಸ್ಪಷ್ಟವಾಯಿತು. ಸ್ವಂತ ಸರ್ವರ್ ಎಂದರೆ ಹಸು ಸಾಕಿದಂತೆ: ಹಬ್ಬವಿರಲಿ, ಜ್ವರವಿರಲಿ, ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋಗಲೇಬೇಕು. ಅದನ್ನು ಪ್ರೀತಿಯಿಂದ ಮಾಡಬಲ್ಲವರು, ಇಬ್ಬರು ಮೂವರು ಜೊತೆಗಿರುವವರು ಖಂಡಿತ ಮಾಡಲಿ. ಕಾಲೇಜುಗಳ ಕಂಪ್ಯೂಟರ್ ವಿಭಾಗಗಳಂತೂ ಮಾಡಲೇಬೇಕು.

ಸ್ವಂತ ಸರ್ವರ್ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಭಾವನೆಯೂ ಸರಿಯಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಸರ್ವರುಗಳನ್ನು ಬಾಡಿಗೆಗೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಅವರಿಗೆ ಕೊಟ್ಟ ಐಪಿ ಇವುಗಳ ದಾಖಲೆಯನ್ನು ಅವರು ಸೇವೆ ಬಿಟ್ಟ ಮೇಲೂ ಐದು ವರ್ಷ ಇಟ್ಟುಕೊಳ್ಳಬೇಕು. ಒಬ್ಬನೇ ಬಳಸುವ ಡೊಮೈನಿನಿಂದ ಹೊರಟ ಪತ್ರ ಯಾರದೆಂದು ಕೇಳಬೇಕಾದ್ದೇ ಇಲ್ಲ. ಸ್ವಂತ ಸರ್ವರಿನಿಂದ ಸಿಗುವುದು ಹಿಡಿತ, ಮರೆ ಅಲ್ಲ.

ಕೊನೆಗೆ ನಾನು ಮಾಡಿದ್ದು ಇಷ್ಟೇ. ಡೊಮೈನನ್ನು ನನ್ನದಾಗಿಯೇ ಉಳಿಸಿಕೊಂಡು, ಪತ್ರಗಳನ್ನು ಇಟ್ಟುಕೊಳ್ಳುವ ಕೆಲಸವನ್ನು ಜಾಹೀರಾತಿಲ್ಲದ, ಹಣ ಪಡೆಯುವ ಒಂದು ಸೇವೆಗೆ ವಹಿಸಿದೆ. ಪ್ರಚಾರವೆನಿಸಬಾರದೆಂದು ಅದರ ಹೆಸರು ಹೇಳುತ್ತಿಲ್ಲ. ನನ್ನ ಕಚೇರಿಯಲ್ಲಿ ಮೇಲ್ ಓದಲು ಥಂಡರ್‌ಬರ್ಡ್ ಎಂಬ ತಂತ್ರಾಂಶ ಬಳಸುತ್ತೇವೆ. ಟ್ಯೂಟಾ ಅಂಥ ತಂತ್ರಾಂಶಗಳ ಜೊತೆ ಕೂಡುವುದಿಲ್ಲ, ಪ್ರೋಟಾನ್ ಕೂಡಬೇಕಾದರೆ ಹಣ ಕೊಟ್ಟ ಖಾತೆಯೂ ನಡುವೆ ಬ್ರಿಜ್ ಎಂಬ ಇನ್ನೊಂದು ತಂತ್ರಾಂಶವೂ ಬೇಕು. ಆದ್ದರಿಂದ ಇಂಥ ತಂತ್ರಾಂಶಗಳಿಂದ ನೇರವಾಗಿ ಪತ್ರ ತೆರೆಯಲು ಬಿಡುವ ಐಮ್ಯಾಪ್ ಪದ್ಧತಿಯ ಸಾಮಾನ್ಯ ಸೇವೆಯನ್ನೇ ಆರಿಸಿ, ಆಧಾರ್, ಪ್ಯಾನ್ ಇರುವ ಕಡತಗಳನ್ನು ಮೇಲ್‌ನಲ್ಲಿ ಉಳಿಸದೆ ಕಚೇರಿಯ ಡಿಸ್ಕಿಗೆ ಇಳಿಸಿಕೊಂಡು ಅಲ್ಲಿಂದ ಅಳಿಸುವ ರೂಢಿ ಮಾಡಿಕೊಂಡೆವು. ಬದಲಾವಣೆಗೆ ಹಿಡಿದದ್ದು ಒಂದು ಭಾನುವಾರ ಮಧ್ಯಾಹ್ನ. ಪತ್ರಗಳು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯ ಸಾಲನ್ನು ತಿದ್ದಿ, ಹಳೆಯ ಪತ್ರಗಳನ್ನು ಐಮ್ಯಾಪ್‌ಸಿಂಕ್ ಎಂಬ ತಂತ್ರಾಂಶದಿಂದ ಸಾಗಿಸಿದೆವು. ಸೋಮವಾರ ಬೆಳಿಗ್ಗೆ ಮಂಡಿಯವರು ನನ್ನ ಡೊಮೈನಿನ ಅದೇ ವಿಳಾಸಕ್ಕೆ ಬರೆದರು, ಹೊಸ ಮನೆಗೇ ಬಂತು, ಅವರಿಗೆ ಏನೂ ಗೊತ್ತಾಗಲಿಲ್ಲ. ನಾಳೆ ಈ ಸೇವೆ ದರ ಏರಿಸಿದರೆ, ಮುಚ್ಚಿದರೆ, ನಂಬಿಕೆ ಕಳೆದುಕೊಂಡರೆ ಅದೇ ಸಾಲನ್ನು ಮತ್ತೆ ತಿದ್ದುತ್ತೇನೆ. ಮೊಬೈಲ್ ಕಂಪನಿ ಬದಲಿಸಿದರೂ ಸಂಖ್ಯೆ ಉಳಿಸಿಕೊಳ್ಳುವ ಹಕ್ಕು ನಮಗಿದೆ. ಮೇಲ್‌ನಲ್ಲಿ ಆ ಹಕ್ಕನ್ನು ಡೊಮೈನ್ ಕೊಂಡು ನಾವೇ ಪಡೆದುಕೊಳ್ಳಬೇಕು. ಅದಕ್ಕಾಗುವ ಖರ್ಚು ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು.

ಡೊಮೈನ್ ಕೊಳ್ಳುವವರಿಗೆ ಎರಡು ಮಾತು. ಡೊಮೈನನ್ನು ಯಾರೂ ಶಾಶ್ವತವಾಗಿ ಕೊಡುವುದಿಲ್ಲ. ನವೀಕರಣ ತಪ್ಪಿದರೆ ಬೇರೆಯವರು ಕೊಳ್ಳಬಹುದು, ಕೊಂಡವರಿಗೆ ನಿಮ್ಮ ಹೆಸರಿಗೆ ಬರುವ ಒಟಿಪಿಗಳೂ ಬಂದು ಬೀಳುತ್ತವೆ. ಆದ್ದರಿಂದ ಕೆಲವು ವರ್ಷಗಳಿಗೆ ಒಟ್ಟಿಗೆ ಹಣ ಕಟ್ಟಿ, ಡೊಮೈನ್ ಮಾರಿದವರ ಬಳಿಯ ನಿಮ್ಮ ಖಾತೆಗೆ ಅದೇ ಡೊಮೈನಿನ ಮೇಲ್ ವಿಳಾಸ ಕೊಡದೆ ಬೇರೊಂದನ್ನು ಕೊಡಿ; ಇಲ್ಲವಾದರೆ ಮೇಲ್ ಕೈತಪ್ಪಿದ ದಿನ ಡೊಮೈನೂ ಕೈತಪ್ಪುತ್ತದೆ. ಖಾತೆಯ ವಿವರಗಳನ್ನು ನಾನು ಒಂದು ಹಾಳೆಯಲ್ಲಿ ಬರೆದು, ಎಲ್‌ಐಸಿ ಪತ್ರಗಳ ಜೊತೆ ಬೀರುವಿನಲ್ಲಿಟ್ಟು ಮನೆಯವರಿಗೆ ತೋರಿಸಿದ್ದೇನೆ.

ವಿಳಾಸದ ಮೇಲಿನ ಹಿಡಿತ ದೊಡ್ಡ ಕಂಪನಿಗಳಿಗೂ ಎಷ್ಟು ಮುಖ್ಯ ಎಂಬುದನ್ನು 2025ರ ಜುಲೈನಲ್ಲಿ ದೇಶವೇ ನೋಡಿತು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿ ಮೇಲೆ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ ನಂತರ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ತಡೆಹಿಡಿಯಿತು. ನಯಾರಾ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು, ಸೇವೆ ಮರಳಿತಾದರೂ ಅಷ್ಟರಲ್ಲಿ ಅದು ಮೇಲ್‌ಗಾಗಿ ಭಾರತದ್ದೇ ಆದ ರೆಡಿಫ್‌ನತ್ತ ತಿರುಗಿತ್ತು. ಸ್ವದೇಶಿ ಸೇವೆಯ ಪರವಾದ ವಾದಕ್ಕೆ ಇಲ್ಲಿ ನಿಜವಾದ ಬಲವಿದೆ, ನಾನು ಅದನ್ನು ಒಪ್ಪುತ್ತೇನೆ. ಜೋಹೊ ಮೇಲ್ 2008ರಿಂದ ಇದೆ, ಜಾಹೀರಾತು ಹಾಕುವುದಿಲ್ಲ, ನಮ್ಮದೇ ಡೊಮೈನ್ ಬಳಸಲು ಬಿಡುತ್ತದೆ. ಸಣ್ಣ ಕಚೇರಿಗಳಿಗೆ ಅದು ಒಳ್ಳೆಯ ಆಯ್ಕೆಯೇ. ಆದರೆ ಸರ್ವರ್ ಯಾವ ದೇಶದಲ್ಲಿದೆ ಎಂಬುದೇ ಬೇರೆ, ಬೀಗದ ಕೈ ಯಾರ ಬಳಿಯಿದೆ ಎಂಬುದೇ ಬೇರೆ. ಸಾಮಾನ್ಯ ಬಳಕೆಯಲ್ಲಿ ಜೋಹೊದಲ್ಲೂ ಆ ಕೈ ಕಂಪನಿಯ ಬಳಿಯೇ ಇರುತ್ತದೆ, ಜಿಮೇಲ್‌ನಲ್ಲಿ ಇರುವಂತೆ. ಸ್ವದೇಶಿ ಎಂದ ಮಾತ್ರಕ್ಕೆ ಖಾಸಗಿ ಎಂದು ತಿಳಿಯಬಾರದು.

ಇನ್ನೊಂದು ವಿಷಯವನ್ನು ವಿನಯದಿಂದಲೇ, ಆದರೆ ಸ್ಪಷ್ಟವಾಗಿ ಹೇಳಬೇಕಿದೆ. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಪ್ರೋಟಾನ್ ಮೇಲನ್ನು ದೇಶದಲ್ಲಿ ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ನಿರ್ದೇಶನ ನೀಡಿತು. ಸಂಸ್ಥೆಯೊಂದರ ಮಹಿಳಾ ಉದ್ಯೋಗಿಗಳ ಬಗ್ಗೆ ಆ ಸೇವೆಯ ಮೂಲಕ ಅಸಭ್ಯ ಮೇಲುಗಳು ಬಂದಿದ್ದವು. ಆ ಹೆಣ್ಣುಮಕ್ಕಳ ನೋವು ನಿಜ, ಅವರಿಗೆ ನ್ಯಾಯ ಸಿಗಬೇಕಾದ್ದೂ ನಿಜ. 2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಮೇಲ್ ಬಂದಾಗ ಮಕ್ಕಳನ್ನು ಕರೆತರಲು ಓಡಿದ ತಂದೆತಾಯಿಯರ ಆತಂಕವನ್ನೂ ನಾವು ಮರೆತಿಲ್ಲ. ಆದರೆ ತನಿಖೆಗೆ ದಾರಿಯಿದೆ: ಭಾರತದ ಪೊಲೀಸರು ಪರಸ್ಪರ ಕಾನೂನು ನೆರವಿನ ಮೂಲಕ ಸ್ವಿಸ್ ಅಧಿಕಾರಿಗಳನ್ನು ಕೇಳಬಹುದು, ಅವರ ಆದೇಶ ಬಂದರೆ ಕಂಪನಿ ತನ್ನ ಬಳಿಯಿರುವುದನ್ನು ಕೊಡಲೇಬೇಕು. ಫ್ರಾನ್ಸಿನ ಪ್ರಕರಣದಲ್ಲಿ ಹಾಗೆಯೇ ಆಯಿತು. ಆ ದಾರಿ ನಿಧಾನ ಎನ್ನುವುದಾದರೆ ಅದನ್ನು ಚುರುಕುಗೊಳಿಸಬೇಕೇ ಹೊರತು, ಲಕ್ಷಾಂತರ ಜನರ ಪತ್ರಪೆಟ್ಟಿಗೆಯನ್ನು ಒಟ್ಟಿಗೆ ಮುಚ್ಚುವುದು ಪರಿಹಾರವಲ್ಲ. ದುಷ್ಟನು ಮರುದಿನವೇ ಬೇರೊಂದು ಸೇವೆಗೆ ಹೋಗುತ್ತಾನೆ, ಅಲ್ಲೇ ಉಳಿಯುವವರು ಪತ್ರಕರ್ತರು, ವಕೀಲರು, ವೈದ್ಯರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ್ದು ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ 2012ರ ಅರ್ಜಿಯಿಂದ ಆರಂಭವಾದ ಪ್ರಕರಣದಲ್ಲಿ. ಎಂಬತ್ತೈದು ದಾಟಿದ ವಯಸ್ಸಿನಲ್ಲಿ ಅವರು ಆ ಅರ್ಜಿ ಹಾಕಿದ್ದರು. ಅವರ ನಾಡಿನಲ್ಲೇ ಖಾಸಗಿ ಮೇಲ್ ಎಂಬುದು ಅನುಮಾನದ ವಸ್ತುವಾಗಬಾರದು.

ಕೊನೆಯದಾಗಿ ರಾಜ್ಯ ಸರ್ಕಾರಕ್ಕೆ ಒಂದು ಮನವಿ. ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಸರ್ಕಾರಿ ಶಾಲೆಗಳ, ಗ್ರಾಮ ಪಂಚಾಯಿತಿಗಳ ಬೋರ್ಡಿನ ಮೇಲಿರುವುದು ಯಾರೋ ತಮ್ಮ ಮೊಬೈಲಿನಿಂದ ತೆರೆದ ಉಚಿತ ಮೇಲ್ ವಿಳಾಸ. ಒಂದು ಶಾಲೆಯಲ್ಲಿ ಮುಖ್ಯ ಶಿಕ್ಷಕರು ವರ್ಗವಾಗಿ ಹೋದರು, ಪಾಸ್‌ವರ್ಡ್ ಅವರ ಫೋನಿನಲ್ಲೇ ಹೋಯಿತು. ಹೊಸಬರು ಇನ್ನೊಂದು ವಿಳಾಸ ತೆರೆದರು. ಮಕ್ಕಳ ಜಾತಿ ಪ್ರಮಾಣಪತ್ರ, ಆಧಾರ್ ಪ್ರತಿ, ವಿದ್ಯಾರ್ಥಿವೇತನದ ಪಟ್ಟಿ ಎಲ್ಲವೂ ಆ ಹಳೆಯ ಪೆಟ್ಟಿಗೆಯಲ್ಲಿ, ಯಾರ ಜವಾಬ್ದಾರಿಯೂ ಅಲ್ಲದೆ ಉಳಿದಿವೆ. ಸರ್ಕಾರದ ಬಳಿ ತನ್ನದೇ ಡೊಮೈನ್ ಇದೆ. ಪ್ರತಿ ಶಾಲೆಗೂ ಪ್ರತಿ ಪಂಚಾಯಿತಿಗೂ ಅದರಲ್ಲಿ ಹುದ್ದೆಯ ಹೆಸರಿನ ಒಂದು ವಿಳಾಸ ಕೊಟ್ಟು, ಅಧಿಕಾರ ವಹಿಸಿಕೊಡುವಾಗ ಬೀರುವಿನ ಕೀಲಿ, ನಗದು ಪುಸ್ತಕದ ಜೊತೆಗೆ ಆ ಮೇಲ್ ಖಾತೆಯನ್ನೂ ಪ್ರಭಾರ ಪಟ್ಟಿಯಲ್ಲಿ ನಮೂದಿಸಿ ಸಹಿ ಪಡೆಯುವಂತೆ ಒಂದು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ, ತಿಪಟೂರು